ಗಾಡಿಯಲ್ಲೇ ಸಂಸಾರ ಹೂಡುವುದಾದರೆ: ಯಾವ ಗಾಡಿ, ಒಳಗೆ ಏನೇನು?

ಕ್ಯಾರವಾನ್ ಎಂಬ ಮನೆಗಾಡಿ ಮಾರುವವರು ಮೊದಲು ಟಿವಿ ತೋರಿಸುತ್ತಾರೆ. ಆಮೇಲೆ ಬಣ್ಣ ಬದಲಿಸುವ ದೀಪ, ಆಮೇಲೆ ಎಳೆದರೆ ಮಂಚವಾಗುವ ಸೋಫಾ. ನಾವೂ ಅದನ್ನೇ ನೋಡಿ ಮರುಳಾದವರು. ಈಗ ಹದಿನಾಲ್ಕು ತಿಂಗಳಿಂದ ಗಾಡಿಯಲ್ಲೇ ಇದ್ದೇವೆ. ಟಿವಿ ಹಚ್ಚಿ ಎಷ್ಟು ದಿನವಾಯಿತೋ ನೆನಪಿಲ್ಲ. ಚಾವಣಿ ಕಾದು ಒಳಗೆ ಕೂರಲಾಗದ ದಿನ, ಸೋಪು ಹಚ್ಚಿಕೊಂಡಾಗ ನೀರು ಮುಗಿದ ದಿನ ಮಾತ್ರ ತಾರೀಖಿನ ಸಮೇತ ನೆನಪಿವೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ನಮ್ಮ ಮನೆಯವರು ಜೀವಮಾನವೆಲ್ಲ ಕರೆಂಟಿನ ಕೆಲಸ ಮಾಡಿದವರು. ಇಬ್ಬರೂ ನಿವೃತ್ತರಾದ ಮೇಲೆ ದಾವಣಗೆರೆ ವಿದ್ಯಾನಗರದ ಮನೆಯನ್ನು ಬಾಡಿಗೆಗೆ ಕೊಟ್ಟು ಹೊರಟೆವು. ಮಗ ಪುಣೆಯಲ್ಲಿ, ಮಗಳು ಹಾಸನದಲ್ಲಿ, ನನ್ನ ತವರು ಚಳ್ಳಕೆರೆ ಕಡೆಯ ಹಳ್ಳಿ. ಈ ಮೂರು ಊರಿನ ನಡುವೆಯೇ ವರ್ಷ ತಿರುಗುತ್ತದೆ. ಹಿಮಾಲಯಕ್ಕೆ ಹೋಗಿಲ್ಲ, ಹೋಗುವ ಆಸೆಯೂ ಇಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಚಿತ್ರದುರ್ಗದ ಏಪ್ರಿಲ್ ಬಿಸಿಲು, ಆಷಾಢದ ಗಾಳಿ, ಬೋರ್‌ವೆಲ್ಲಿನ ಗಡಸು ನೀರು ಇವನ್ನು ಕಂಡು ಹೇಳುವ ಮಾತು. ಹತ್ತು ದಿನದ ಪ್ರವಾಸಕ್ಕೆ ಯಾವ ಗಾಡಿಯಾದರೂ ನಡೆಯುತ್ತದೆ. ಹನ್ನೊಂದನೇ ದಿನದಿಂದ ಲೆಕ್ಕ ಬೇರೆ.

ಮೊದಲು ಗಾಡಿ

ನಮ್ಮ ಮುಂದೆ ನಾಲ್ಕು ದಾರಿ ಇದ್ದವು: ಪಿಕಪ್ ಮೇಲೆ ಕಟ್ಟಿದ ಗೂಡು, ಟೆಂಪೋ ಟ್ರಾವೆಲರ್ ಥರದ ವ್ಯಾನು, ಮಿನಿ ಬಸ್ಸು, ಕಾರಿನ ಹಿಂದೆ ಎಳೆಯುವ ಟ್ರೇಲರ್.

ಪಿಕಪ್ ಗೂಡು ಅಗ್ಗ. ಹೊಲದ ಬಂಡಿಜಾಡಿನಲ್ಲೂ ನುಗ್ಗುತ್ತದೆ. ಆದರೆ ಒಳಗೆ ನೆಟ್ಟಗೆ ನಿಲ್ಲಲಾಗದು. ಸೀರೆ ಉಡಲು ಬಗ್ಗಿ ನಿಲ್ಲಬೇಕಾದ ಜಾಗವನ್ನು ನಾನು ಮನೆ ಎನ್ನಲಾರೆ. ಒಬ್ಬಂಟಿ ಹುಡುಗನಿಗೆ, ಊರೂರು ಸುತ್ತುವ ಕೆಲಸದವನಿಗೆ ಅದು ಸಾಕು.

ಟ್ರೇಲರ್‌ನ ಸುಖ ಒಂದೇ: ಅದನ್ನು ನೆರಳಲ್ಲಿ ಬಿಚ್ಚಿಟ್ಟು ಕಾರಿನಲ್ಲಿ ಸಂತೆಗೆ ಹೋಗಿಬರಬಹುದು. ಒಂದೇ ಕಡೆ ತಿಂಗಳುಗಟ್ಟಲೆ ಇರುವವರಿಗೆ, ತೋಟದಲ್ಲಿ ನಿಲ್ಲಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ದಿನ ಬಿಟ್ಟು ದಿನ ಹೊರಡುವವರಿಗೆ ಮಾತ್ರ ಕಷ್ಟ. ಹಿಂದಕ್ಕೆ ತೆಗೆಯುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೊರಳುತ್ತದೆ. ಅರವತ್ತು ದಾಟಿದ ಮೇಲೆ ಆ ಕಸರತ್ತು ಕಲಿಯುವ ತಾಳ್ಮೆ ನಮ್ಮ ಮನೆಯವರಿಗಿರಲಿಲ್ಲ.

ಕೊನೆಗೆ ನಿಜವಾದ ಪೈಪೋಟಿ ಉಳಿದದ್ದು ಬಸ್ಸಿಗೂ ವ್ಯಾನಿಗೂ. ನಮ್ಮ ಕಾನೂನಿನಲ್ಲಿ ವಾಹನದ ಅಗಲ 2.6 ಮೀಟರ್ ಮೀರುವಂತಿಲ್ಲ. ದೊಡ್ಡ ಬಸ್ಸುಗಳು ಹೆಚ್ಚುಕಡಿಮೆ ಆ ಮಿತಿಯ ಹತ್ತಿರಕ್ಕೇ ಬರುತ್ತವೆ. ಅಂದರೆ ಆರಡಿ ಎತ್ತರದವರೂ ಅಡ್ಡಲಾಗಿ ಕಾಲು ಚಾಚಿ ಮಲಗಬಹುದು, ಬಚ್ಚಲನ್ನು ಬೇರೆ ಕಟ್ಟಬಹುದು. ಟ್ರಾವೆಲರ್‌ನ ಹೊರ ಅಗಲ ಏಳು ಅಡಿಗೆ ತುಸು ಕಡಿಮೆ. ಒಳಗೆ ಹಲಗೆ ಹೊಡೆದ ಮೇಲೆ ಆರಡಿ ಸಿಗುವುದೇ ಕಷ್ಟ. ಮನೆಯ ಸುಖ ಕೇಳಿದರೆ ಬಸ್ಸಿಗೇ ಓಟು. ಆದರೆ ಬಸ್ಸನ್ನು ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯಂಥ ಇಕ್ಕಟ್ಟು ಬೀದಿಗೆ ಒಯ್ಯುವುದು ಮರೆತುಬಿಡಿ. ಒಟ್ಟು ತೂಕ 7500 ಕಿಲೋ ದಾಟಿದರೆ ಕಾರಿನ ಲೈಸೆನ್ಸ್ ಸಾಲದು, ಹೆವಿ ಲೈಸೆನ್ಸ್ ಬೇಕು. ಹಾಗಾಗಿ ಇಬ್ಬರಿದ್ದರೆ ಉದ್ದನೆಯ ವ್ಯಾನು, ಮಕ್ಕಳೂ ಜೊತೆಗಿದ್ದರೆ ಬಸ್ಸು ಎನ್ನುವುದು ನನ್ನ ಲೆಕ್ಕ.

"ಸಾರಿಗೆ ಸಂಸ್ಥೆಯ ಹರಾಜಿನಲ್ಲಿ ಹಳೇ ಬಸ್ ಅಗ್ಗಕ್ಕೆ ಸಿಗ್ತೈತಿ, ತಗೊಳ್ರಿ ಅಕ್ಕಾರೆ" ಎಂದು ಒಂದಿಬ್ಬರು ಸಲಹೆ ಕೊಟ್ಟರು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೇ ಇಲ್ಲ, ಅವು ಗುಜರಿಗೇ ಹೋಗಬೇಕು. ಹಳೆಯದೇ ಬೇಕೆಂದರೆ ಖಾಸಗಿ ಶಾಲಾ ಬಸ್ಸು ಹುಡುಕಿ.

ಯಾವುದೇ ಗಾಡಿಯಿರಲಿ, ಕೆಲಸ ಶುರುವಾಗುವ ಮೊದಲೇ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿಬನ್ನಿ. ದಾವಣಗೆರೆಯಾದರೆ ಕೆಎ 17, ಚಿತ್ರದುರ್ಗವಾದರೆ ಕೆಎ 16. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮನಬಂದಂತೆ ಬದಲಿಸುವಂತಿಲ್ಲ. ಕ್ಯಾರವಾನ್‌ಗಳಿಗೆ ಎಐಎಸ್ 124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಸ್ವಂತಕ್ಕೆ ಬಳಸುವ ಕ್ಯಾಂಪರ್ ವ್ಯಾನು ಸಾರಿಗೆಯೇತರ ವಾಹನದ ಪಟ್ಟಿಗೆ ಬರುತ್ತದೆ. ಮಂಚ, ಒಲೆ ಎಲ್ಲ ಕೂರಿಸಿದ ಮೇಲೆ ಪರವಾನಗಿ ಕೇಳಲು ಹೋದರೆ ಬಿಚ್ಚಿ ಬನ್ನಿ ಎನ್ನಿಸಿಕೊಳ್ಳಬೇಕಾದೀತು. ವಿಮೆಯವರಿಗೂ ಮೊದಲೇ ತಿಳಿಸಿ.

ಇನ್ನೊಂದು ಮಾತು, ಎತ್ತರದ್ದು. ಖಾಲಿ ಗಾಡಿಯಲ್ಲಿ ನಿಂತು ತಲೆ ತಾಗುವುದಿಲ್ಲ ಎಂದು ಖುಷಿಪಟ್ಟು ಮುಂಗಡ ಕೊಡಬೇಡಿ. ನೆಲಕ್ಕೆ ಒಂದಿಂಚು, ಚಾವಣಿಗೆ ಎರಡಿಂಚು ಹೋಗುತ್ತದೆ. ಮನೆಯಲ್ಲಿ ಎತ್ತರದವರು ಯಾರೋ ಅವರನ್ನು ಚಪ್ಪಲಿ ಹಾಕಿಸಿಯೇ ನಿಲ್ಲಿಸಿ, ತಲೆಯ ಮೇಲೆ ನಾಲ್ಕು ಬೆರಳು ಉಳಿಯುತ್ತದೆಯೇ ನೋಡಿ.

ಚಾವಣಿ

ಇಲ್ಲಿ ನಮ್ಮದು ಎಡವಿದ ಕಥೆ. ಬಾಡಿ ಕಟ್ಟುವ ಶೆಡ್ಡಿನ ಹುಡುಗ ಥರ್ಮಾಕೋಲ್ ಹಾಳೆ ತಂದು ತಗಡಿಗೆ ಅಂಟಿಸಿ, ಮೇಲೆ ಪ್ಲೈವುಡ್ ಹೊಡೆದ. "ಇದು ಸಾಕೇನಪ್ಪ?" ಎಂದೆ. "ಆರಾಮ್ ಸಾಕಾಗ್ತೈತ್ರಿ ಮೇಡಂ, ಐಸ್‌ಕ್ರೀಮ್ ಡಬ್ಬಿಗೂ ಇದೇ ಹಾಕೋದು" ಎಂದ. ಮಾತು ಸುಳ್ಳಲ್ಲ. ಆದರೆ ಅವನು ಬಳಸಿದ್ದು ಚಪ್ಪಲಿ ಅಂಗಡಿಯವರು ಬಳಸುವ ರಬ್ಬರ್ ಅಂಟು. ಅದರಲ್ಲಿರುವ ದ್ರಾವಕಕ್ಕೆ ಥರ್ಮಾಕೋಲ್ ಕರಗುತ್ತದೆ. ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿಕೊಟ್ಟವಳಿಗೆ ಅದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ದಾರಿಯುದ್ದಕ್ಕೂ ತಲೆಯ ಮೇಲೆ ಇಲಿ ಓಡಾಡಿದ ಹಾಗೆ ಕಿರ್ ಕಿರ್. ಏಪ್ರಿಲ್‌ನಲ್ಲಿ ತವರಿನ ಕಣದಲ್ಲಿ ಗಾಡಿ ನಿಲ್ಲಿಸಿದ ಮೂರನೇ ದಿನ ಮಧ್ಯಾಹ್ನ ಅಂಟಿನ ವಾಸನೆ ಶುರುವಾಯಿತು. ಪ್ಲೈವುಡ್ಡಿನ ಒಂದು ಮೂಲೆ ಬಿಚ್ಚಿ ನೋಡಿದರೆ ಹಾಳೆ ಜೇನುಗೂಡಿನಂತೆ ತೂತುಬಿದ್ದಿತ್ತು, ಅದರ ಹಿಂದಿನ ತಗಡಿಗೆ ಕೈ ಇಡಲಾಗಲಿಲ್ಲ.

ಎರಡನೇ ಸಲ ಮಾಡಿಸಿದ್ದು ಹೀಗೆ. ನೀರು ಹೀರದ ಒತ್ತಾದ ಫೋಮು ಒಂದಿಂಚು, ಹಿಂಬದಿಯಲ್ಲೇ ಅಂಟು ಇರುವಂಥದ್ದು. ಅದಕ್ಕಿಂತ ಮುಖ್ಯವಾದದ್ದು ಗಾಡಿಯ ಕಬ್ಬಿಣದ ಪಕ್ಕೆಗಳು. ಫೋಮು ಎರಡು ಪಕ್ಕೆಗಳ ನಡುವೆ ಕೂರುತ್ತದೆ, ಪ್ಲೈವುಡ್ಡನ್ನು ನೇರ ಪಕ್ಕೆಗೇ ಸ್ಕ್ರೂ ಮಾಡುತ್ತಾರೆ. ಬಿಸಿಲಿನ ಕಾವು ಆ ಕಬ್ಬಿಣದ ದಾರಿಯಲ್ಲೇ ಒಳಗೆ ಬರುತ್ತದೆ. ಪಕ್ಕೆಯ ಮೇಲೂ ತೆಳ್ಳಗೆ ಫೋಮಿನ ಪಟ್ಟಿ ಹಾಕಿಸಿ, ಆಮೇಲೆ ಹಲಗೆ ಹೊಡೆಸಿ. ಹೊರಗೆ ಚಾವಣಿಗೆ ಬಿಳಿ ಬಣ್ಣ. ಸೋಲಾರ್ ಪ್ಯಾನೆಲ್ ಕೂರಿಸುವುದಾದರೆ ತಗಡಿಗೆ ಅಂಟಿಸದೆ ಮೂರು ನಾಲ್ಕು ಇಂಚು ಮೇಲೆತ್ತಿ ಕೂರಿಸಿ. ಅಡಿಯಲ್ಲಿ ಗಾಳಿ ಆಡುತ್ತದೆ, ಪ್ಯಾನೆಲ್ಲೇ ಚಪ್ಪರವಾಗುತ್ತದೆ. ಇಷ್ಟಾದ ಮೇಲೆ ಅದೇ ಕಣದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಫ್ಯಾನ್ ಹಾಕಿಕೊಂಡು ಮಲಗಲು ಆಯಿತು. ತಂಪಿತ್ತು ಎನ್ನಲಾರೆ, ಹಳ್ಳಿಯ ಹೆಂಚಿನ ಮನೆಯಷ್ಟಿತ್ತು.

ಕಿಟಕಿಯಲ್ಲಿ ಬಸ್ಸಿನ ಜಾರುಗಾಜಿಗಿಂತ ಹೊರಕ್ಕೆ ತೆರೆಯುವ ಎರಡು ಪದರದ ಕಿಟಕಿ ಲೇಸು: ಮಳೆ ಬರುವಾಗಲೂ ತುಸು ತೆರೆದಿಡಬಹುದು, ಒಳಗೆ ಸೊಳ್ಳೆ ಜಾಲರಿಯೂ ಇರುತ್ತದೆ. ಎದುರುಬದುರು ಎರಡು ಕಿಟಕಿ, ಚಾವಣಿಯಲ್ಲಿ ಬಿಸಿ ಗಾಳಿ ಹೊರದಬ್ಬುವ ಒಂದು ಫ್ಯಾನು ಇದ್ದರೆ ರಾತ್ರಿ ಎಸಿ ನೆನಪಾಗುವುದಿಲ್ಲ. ಪಕ್ಕಕ್ಕೆ ಚಾಚುವ ಬಟ್ಟೆಯ ಚಪ್ಪರ ಚಂದ ಕಾಣುತ್ತದೆ. ಆದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ಅದನ್ನು ಬಿಡಿಸಿಟ್ಟು ಊಟಕ್ಕೆ ಕೂತರೆ ಚಪ್ಪರ ಹೊಲದಾಚೆ ಇರುತ್ತದೆ.

ಹಾಸಿಗೆ

ಮಡಚುವ ಸೋಫಾ ಮಂಚವೋ, ಕಾಯಂ ಮಂಚವೋ? ಜಾಗ ಎಷ್ಟೇ ಇಕ್ಕಟ್ಟಾದರೂ ಕಾಯಂ ಮಂಚ. ರಾತ್ರಿ ಮೇಜು ಇಳಿಸಿ, ದಿಂಬು ಜೋಡಿಸಿ, ಚಾದರ ಹಾಸಿ, ಬೆಳಗ್ಗೆ ಎಲ್ಲ ತಿರುಗಾಮುರುಗಾ ಮಾಡುವುದು ಹದಿನೈದು ದಿನ ಆಟದಂತಿರುತ್ತದೆ. ಜ್ವರ ಬಂದ ದಿನ ಗೊತ್ತಾಗುತ್ತದೆ: ಒಬ್ಬರು ಮಲಗಿದರೆ ಇನ್ನೊಬ್ಬರಿಗೆ ಕೂರಲು ಜಾಗವೇ ಇರುವುದಿಲ್ಲ. ವ್ಯಾನಿನಲ್ಲಿ ಅಡ್ಡ ಮಂಚ ಹಾಕಿಸಿದರೆ ಜಾಗ ಉಳಿಯುತ್ತದೆ, ಆದರೆ ಎತ್ತರದವರ ಕಾಲು ಮಡಚಿಯೇ ಇರಬೇಕು; ಗೋಡೆಯ ಕಡೆ ಮಲಗಿದವರು ರಾತ್ರಿ ಏಳುವಾಗ ಇನ್ನೊಬ್ಬರನ್ನು ದಾಟಿಯೇ ಬರಬೇಕು. ನಾವು ಉದ್ದಕ್ಕೆ ಎರಡು ಒಂಟಿ ಮಂಚ, ನಡುವೆ ಓಣಿ ಮಾಡಿಸಿದೆವು. ರೈಲಿನ ಬೋಗಿಯಂತಿದೆ ಎಂದು ಮಗಳು ನಕ್ಕಳು, ನಗಲಿ. ಮಂಚಕ್ಕೆ ಪೂರ್ತಿ ಹಲಗೆ ಬೇಡ, ಪಟ್ಟಿಗಳಿರಲಿ. ಇಲ್ಲವಾದರೆ ಹಾಸಿಗೆಯ ಅಡಿ ಬೆವರು ನಿಂತು ಬೂಷ್ಟು ಹಿಡಿಯುತ್ತದೆ.

ಅಡುಗೆ

ಒಲೆ ಒಳಗೋ ಹೊರಗೋ ಎಂಬ ವಾದದಲ್ಲಿ ನಾನು ಮೊದಲು ಹೊರಗಿನ ಪಕ್ಷ. ಹಿಂಬಾಗಿಲು ತೆರೆದರೆ ಜಾರಿಬರುವ ಅಡುಗೆಕಟ್ಟೆ, ಮರದ ನೆರಳು, ಆಹಾ! ಮೊದಲ ಗಾಳಿ ದಿನವೇ ಒಲೆ ನಾಲ್ಕು ಸಲ ಆರಿತು, ಅನ್ನದಲ್ಲಿ ಕೆಮ್ಮಣ್ಣು ಬೆರೆಯಿತು. ಒಳಗಿದ್ದರೆ ಒಗ್ಗರಣೆ ಘಾಟು ಹಾಸಿಗೆಗೆ ಹತ್ತುತ್ತದೆ. ಮೆಣಸಿನಕಾಯಿ ಮಿರ್ಚಿ ಕರಿದ ರಾತ್ರಿ ದಿಂಬು ಮಂಡಕ್ಕಿ ಅಂಗಡಿಯಂತೆ ನಾರುತ್ತದೆ. ಕೊನೆಗೆ ಉಳಿದದ್ದು ಮಧ್ಯದ ದಾರಿ: ಪಕ್ಕದ ಬಾಗಿಲಿಗೆ ಅಂಟಿಕೊಂಡು ಒಳಗೆ ಒಲೆ, ಅದರ ನೆತ್ತಿಗೆ ಎಕ್ಸಾಸ್ಟ್ ಫ್ಯಾನು. ಕರಿಯುವುದು ಮಾತ್ರ ಗಾಳಿಯಿಲ್ಲದ ದಿನ, ಹೊರಗೆ.

ಇಂಡಕ್ಷನ್ನೋ ಗ್ಯಾಸೋ? ಅನ್ನ, ಸಾರು, ಚಹಾ ಇಂಡಕ್ಷನ್ ಮೇಲೆ ನಡೆಯುತ್ತದೆ. ಜೋಳದ ರೊಟ್ಟಿ ನಡೆಯುವುದಿಲ್ಲ. ಹಂಚಿನಿಂದ ತೆಗೆದು ಉರಿಗೆ ಹಿಡಿಯದಿದ್ದರೆ ಅದು ಉಬ್ಬುವುದು ಹೇಗೆ? ರೊಟ್ಟಿ ತಿನ್ನುವ ಮನೆಗೆ ಗ್ಯಾಸು ಬೇಕೇ ಬೇಕು. ಜೊತೆಗೆ ರೊಟ್ಟಿ ಬಡಿಯುವ ಕಟ್ಟೆ ಗಟ್ಟಿಯಿರಬೇಕು. ನಮ್ಮ ಮೊದಲಿನ ಕಟ್ಟೆ ತೆಳು ಹಲಗೆಯದು. ನಾನು ರೊಟ್ಟಿ ಬಡಿಯುತ್ತಿದ್ದರೆ ಮೇಲಿನ ಗೂಡಿನ ಲೋಟಗಳೆಲ್ಲ ತಾಳ ಹಾಕುತ್ತಿದ್ದವು. ಕಟ್ಟೆಯ ಕಾಲನ್ನು ಗಾಡಿಯ ನೆಲದ ಕಬ್ಬಿಣಕ್ಕೇ ಬೋಲ್ಟ್ ಮಾಡಿಸಿದ ಮೇಲೆ ನಿಂತಿತು.

14.2 ಕಿಲೋ ಸಿಲಿಂಡರ್ ಒಳಗೆ ಇಡುವ ಬದಲು 5 ಕಿಲೋದು ಒಳ್ಳೆಯದು, ಸಾಗಿಸಲು ಹಗುರ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇಳದೆ ನೆಲದಲ್ಲಿ ಕೂರುತ್ತದೆ. ಹಾಗಾಗಿ ಸಿಲಿಂಡರ್ ಗೂಡಿಗೆ ಒಳಗಿನಿಂದ ಬಿಗಿ ಮುಚ್ಚಳ, ಅಡಿಯಲ್ಲಿ ಹೊರಕ್ಕೆ ತೂತು. ವಾಸನೆ ಹಿಡಿದು ಕೂಗುವ ಯಂತ್ರವನ್ನೂ ಮೊಣಕಾಲಿನ ಕೆಳಗೇ ಹಾಕಿಸಿ. ನಾವು ನೋಡಿದ ಒಂದು ಗಾಡಿಯಲ್ಲಿ ಅದು ಚಾವಣಿಯಲ್ಲಿತ್ತು! ಸ್ನಾನಕ್ಕೆಂದು ಗ್ಯಾಸ್ ಗೀಸರನ್ನು ಗಾಡಿಯೊಳಗೆ ಕೂರಿಸಿಕೊಡುತ್ತೇವೆ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ನೀರು ಮತ್ತು ಕಕ್ಕಸು

ಮನೆಯಲ್ಲಿ ನೀರಿನ ಲೆಕ್ಕ ಯಾರೂ ಇಡುವುದಿಲ್ಲ. ನಾವು ಒಂದು ವಾರ ಬರೆದಿಟ್ಟೆವು: ಇಬ್ಬರ ಸ್ನಾನಕ್ಕೆ ಇಪ್ಪತ್ತೈದು ಲೀಟರ್, ಪಾತ್ರೆಗೆ ಹದಿನೈದು, ಅಡುಗೆ ಕುಡಿಯುವುದಕ್ಕೆ ಎಂಟು, ಉಳಿದದ್ದಕ್ಕೆ ಹತ್ತು ಹನ್ನೆರಡು. ದಿನಕ್ಕೆ ಅರವತ್ತು. 200 ಲೀಟರ್ ಟ್ಯಾಂಕ್ ಮೂರು ದಿನ ಬರುತ್ತದೆ, ಬಟ್ಟೆ ಒಗೆಯದಿದ್ದರೆ. ನಾನೂರು ಲೀಟರ್ ಹಾಕಿಸಿಕೊಳ್ಳಿ ಎನ್ನುವವರು ನೀರು ಲೀಟರಿಗೊಂದು ಕಿಲೋ ತೂಗುತ್ತದೆ ಎನ್ನುವುದನ್ನು ಹೇಳುವುದಿಲ್ಲ. ಎಲ್ಲ ತುಂಬಿಸಿದ ಗಾಡಿಯನ್ನು ಎಪಿಎಂಸಿ ಹತ್ತಿರದ ವೇಬ್ರಿಡ್ಜಿಗೆ ಒಯ್ದು, ಮೆಕ್ಕೆಜೋಳದ ಲಾರಿಗಳ ಸಾಲಿನಲ್ಲಿ ನಿಂತು ತೂಗಿಸಿದೆವು. ಆರ್‌ಸಿಯಲ್ಲಿದ್ದ ಒಟ್ಟು ತೂಕದ ಮಿತಿ ಮುಟ್ಟಲು ತೊಂಬತ್ತೇ ಕಿಲೋ ಬಾಕಿ. ಅವತ್ತೇ ನನ್ನ ಎರಡು ಪೆಟ್ಟಿಗೆ ಪುಸ್ತಕ ಮಗಳ ಮನೆ ಸೇರಿದವು.

ಟ್ಯಾಂಕು ಕಪ್ಪಗಿರಲಿ, ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಕುಡಿಯುವ ನೀರಿಗೆ ಬೇರೆಯೇ ಕ್ಯಾನು. ಚಿತ್ರದುರ್ಗದ ಕಡೆ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಗುವುದಿಲ್ಲ. ಆರ್‌ಒ ತೆಗೆಯುತ್ತದೆ, ಆದರೆ ಗಾಡಿಯೊಳಗೆ ಆರ್‌ಒ ಕೂರಿಸಿದರೆ ಹೊತ್ತು ತಂದ ನೀರಿನ ಅರ್ಧಕ್ಕೂ ಹೆಚ್ಚು ಪಾಲು ಚೆಲ್ಲಿಹೋಗುತ್ತದೆ. ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಹಿಡಿದುಕೊಳ್ಳುವುದೇ ಸುಲಭ.

ಇನ್ನು ಕಕ್ಕಸು. ಮುಜುಗರದ ಮಾತೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಕೊಂಡವರಲ್ಲಿ ಹೆಚ್ಚು ಜನ ಪಶ್ಚಾತ್ತಾಪ ಪಡುವುದೂ ಇಲ್ಲೇ.

ಮೂರು ಬಗೆ ಇವೆ. ಗಾಡಿಯಡಿಗೆ ದೊಡ್ಡ ಟ್ಯಾಂಕ್ ಕಟ್ಟಿ ತುಂಬಿದ ಮೇಲೆ ಖಾಲಿ ಮಾಡುವುದು ಮೊದಲನೆಯದು. ಅಮೆರಿಕದಲ್ಲಿ ಕ್ಯಾಂಪುಗಳಲ್ಲಿ ಅದನ್ನು ಬರಿದು ಮಾಡುವ ವ್ಯವಸ್ಥೆ ಇರುತ್ತದೆ, ನಮ್ಮ ಹೆದ್ದಾರಿಯಲ್ಲಿ ಎಲ್ಲಿದೆ? ನೂರು ಲೀಟರ್ ಹೊಲಸು ಹೊತ್ತುಕೊಂಡು ಊರೂರು ಹುಡುಕಬೇಕು. ಎರಡನೆಯದು ಕ್ಯಾಸೆಟ್: ಅಡಿಯಲ್ಲಿ ಸುಮಾರು ಇಪ್ಪತ್ತು ಲೀಟರಿನ ಪೆಟ್ಟಿಗೆ, ಹೊರಗಿನಿಂದ ಎಳೆದು ಸೂಟ್‌ಕೇಸಿನಂತೆ ಒಯ್ದು ಯಾವ ಶೌಚಾಲಯದಲ್ಲಾದರೂ ಸುರಿದು ತೊಳೆಯಬಹುದು. ಮೂರನೆಯದು ಒಣ ಕಕ್ಕಸು: ಮೂತ್ರ ಬೇರೆ, ಮಲ ಬೇರೆ, ಮೇಲೆ ತೆಂಗಿನ ನಾರಿನ ಪುಡಿ. ಹಿರಿಯೂರು ಹೊಸದುರ್ಗದ ಕಡೆ ಆ ಪುಡಿಗೇನೂ ಬರವಿಲ್ಲ, ವಾಸನೆಯೂ ಕಡಿಮೆ.

ವಿದೇಶಿ ಕ್ಯಾಸೆಟ್ಟುಗಳ ವಿವರಣೆಯಲ್ಲಿ ಇಬ್ಬರಿಗೆ ನಾಲ್ಕು ದಿನ ಎಂದು ಬರೆದಿದ್ದರೆ ನೀವು ಎರಡು ಎಂದೇ ಓದಿಕೊಳ್ಳಿ. ಅದು ಕಾಗದ ಬಳಸುವವರ ಲೆಕ್ಕ. ನಾವು ನೀರು ಬಳಸುವವರು, ಒಂದೊಂದು ಸಲಕ್ಕೂ ಒಂದು ಒಂದೂವರೆ ಲೀಟರ್ ಸೇರಿ ಪೆಟ್ಟಿಗೆ ಬೇಗ ತುಂಬುತ್ತದೆ. ಒಣ ಕಕ್ಕಸಿಗೆ ನೀರು ಬಿದ್ದರೆ ಅದು ಒಣದಾಗಿ ಉಳಿಯುವುದೇ ಇಲ್ಲ. ತೊಳೆದುಕೊಳ್ಳಲು ಪಕ್ಕದಲ್ಲಿ ಬೇರೆ ಜಾಗ ಬೇಕು, ವ್ಯಾನಿನಲ್ಲಿ ಅಷ್ಟು ಜಾಗವಿಲ್ಲ. ಅದಕ್ಕೇ ಒಣದರ ಮೇಲೆ ಮನಸ್ಸಿದ್ದರೂ ಕ್ಯಾಸೆಟ್ ಹಾಕಿಸಿದೆವು, ಬದಲಿ ಪೆಟ್ಟಿಗೆ ಒಂದನ್ನು ಹೆಚ್ಚಿಗೆ ಕೊಂಡೆವು. ಖಾಲಿ ಮಾಡುವ ಸರದಿ ಯಾರದು ಎಂಬುದು ಕ್ಯಾಲೆಂಡರಿನಲ್ಲಿದೆ. ಈ ಪಾಳಿ ಶುರುವಾದ ಮೇಲೆ ಪೆಟ್ರೋಲ್ ಬಂಕಿನ ಶೌಚಾಲಯ ಎಲ್ಲಿ ಕಂಡರೂ ನಮ್ಮ ಮನೆಯವರು ಗಾಡಿ ನಿಲ್ಲಿಸುತ್ತಾರೆ.

ಕರೆಂಟು

ಈ ಭಾಗ ಅವರು ಹೇಳಿದ್ದು, ನಾನು ಬರೆದದ್ದು. ನಮ್ಮ ದಿನದ ಖರ್ಚು: ಫ್ರಿಜ್ ಮುಕ್ಕಾಲು ಯೂನಿಟ್, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನ್ ಎರಡು ಸೇರಿ ಮತ್ತೊಂದು ಮುಕ್ಕಾಲು, ದೀಪ, ಮೊಬೈಲು, ಪಂಪು, ಮಿಕ್ಸಿ ಎಲ್ಲ ಕೂಡಿ ಅರ್ಧ. ಇಂಡಕ್ಷನ್ ಹಚ್ಚಿದರೆ ಇನ್ನೊಂದು. ಹೆಚ್ಚೆಂದರೆ ಮೂರು. 540 ವ್ಯಾಟಿನ ಎರಡು ಪ್ಯಾನೆಲ್ ಒಳ್ಳೆ ಬಿಸಿಲಿಗೆ ನಾಲ್ಕು ಯೂನಿಟ್ ಕೊಡುತ್ತವೆ, ಮೋಡದ ದಿನ ಅದರರ್ಧ. ಎಸಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ: ಏಪ್ರಿಲ್ ಮಧ್ಯಾಹ್ನ ಒಂದು ಟನ್ನಿನದು ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ನುಂಗುತ್ತದೆ. ಎಲ್ಲಾದರೂ ಪ್ಲಗ್ ಸಿಕ್ಕಾಗ ಹಚ್ಚಿಕೊಳ್ಳಿ, ಅಷ್ಟೇ.

ಬ್ಯಾಟರಿಯಲ್ಲಿ ಮನೆಯ ಯುಪಿಎಸ್‌ಗೆ ಹಾಕುವ ಟ್ಯೂಬ್ಯುಲರ್ ಅಗ್ಗ, ಎಲ್ಲ ಊರಲ್ಲೂ ರಿಪೇರಿ. ಆದರೆ ಅದರ ಅರ್ಧದಷ್ಟು ಮಾತ್ರ ಬಳಸಬೇಕು, ಮೀರಿದರೆ ಆಯಸ್ಸು ಕುಗ್ಗುತ್ತದೆ. 150 ಎಎಚ್‌ನ (ಆಂಪಿಯರ್ ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ನಾಲ್ಕನ್ನು ಹಾಕಿಸಿದರೆ ಕೈಗೆ ಸಿಗುವುದು ಮೂರೂವರೆ ಯೂನಿಟ್, ಹೊರುವ ಭಾರ ಇನ್ನೂರು ಕಿಲೋ ಮೇಲೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮಲಗುವ ಜಾಗದಲ್ಲಿ ಇಡುವಂತಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಳ್ಳುವಾಗ ಕೈ ಸುಡುತ್ತದೆ, ಆದರೆ ಐದು ಯೂನಿಟ್ಟಿನದು ಐವತ್ತು ಕಿಲೋ ಆಸುಪಾಸು, ಎಂಬತ್ತು ತೊಂಬತ್ತು ಭಾಗ ಬಳಸಬಹುದು. ಪ್ರವಾಸಕ್ಕೆ ಮೊದಲನೆಯದು, ವಾಸಕ್ಕೆ ಎರಡನೆಯದು.

ಯಾರೂ ಹೇಳದ ತಗಾದೆ ಒಂದಿದೆ. ಗಾಡಿಗೆ ನೆರಳು ಬೇಕು, ಪ್ಯಾನೆಲ್ಲಿಗೆ ಬಿಸಿಲು ಬೇಕು. ಹುಣಸೆಮರದ ಕೆಳಗೆ ನಿಲ್ಲಿಸಿದ ದಿನ ನಾವು ತಂಪು, ಫ್ರಿಜ್ ಬಿಸಿ. ಅದಕ್ಕೇ ಮೂರನೆಯದೊಂದು ಸಣ್ಣ ಪ್ಯಾನೆಲನ್ನು ಮೂವತ್ತಡಿ ವೈರಿನ ಜೊತೆ ಮಂಚದಡಿ ಇಟ್ಟಿದ್ದೇವೆ. ಗಾಡಿ ನೆರಳಲ್ಲಿ, ಅದು ಬಿಸಿಲಲ್ಲಿ. ತವರಿನಲ್ಲಿ ಅದರ ಪಕ್ಕ ಹಪ್ಪಳವನ್ನೂ ಹಾಕುತ್ತಾರೆ.

ಮುಂಗಡ ಕೊಡುವ ಮೊದಲು ಇಂಥದ್ದೇ ಗಾಡಿಯೊಂದನ್ನು ಬಾಡಿಗೆಗೆ ತಂದು, ಊರ ಹತ್ತಿರವೇ ಮೂರು ರಾತ್ರಿ ಕಳೆಯಿರಿ. ಒಂದು ರಾತ್ರಿ ನಿಮ್ಮದೇ ಬೀದಿಯಲ್ಲಿ, ಸೊಳ್ಳೆಗೂ ಹಾರ್ನಿಗೂ. ಒಂದು ರಾತ್ರಿ ಸೂಳೆಕೆರೆ ಕಡೆ, ಗಾಳಿಗೆ. ಒಂದು ಹಗಲು ರಾತ್ರಿ ಚಳ್ಳಕೆರೆ ಬಯಲಿನಲ್ಲಿ, ಬೇಸಿಗೆಯಲ್ಲೇ. ಅಡುಗೆ, ಸ್ನಾನ, ಕಕ್ಕಸು ಎಲ್ಲ ಒಳಗೇ ಆಗಬೇಕು, ಹೋಟೆಲ್ ಬೆಣ್ಣೆದೋಸೆ ಲೆಕ್ಕಕ್ಕಿಲ್ಲ. ಮನೆಗೆ ಹೋಗೋಣ ಎಂದು ಮೊದಲು ಯಾರು ಅಂದರು, ಯಾವ ಕಾರಣಕ್ಕೆ ಅಂದರು ಎಂದು ಬರೆದಿಟ್ಟುಕೊಳ್ಳಿ. ನಮ್ಮಿಬ್ಬರಲ್ಲಿ ಅಂದವಳು ನಾನು, ಎರಡನೇ ರಾತ್ರಿಯೇ. ಕಾರಣ ಆ ಮಡಚುವ ಸೋಫಾ.